ಎರೆ ಸೀಮೆಯಲ್ಲಿ ಜೋಡಿ ಗುಂಡಿ ಶೌಚಾಲಯ

ಜೋಡಿ ಗುಂಡಿ ಶೌಚಾಲಯದಲ್ಲಿ ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿಟ್ಟು ಇನ್ನೊಂದನ್ನು ಬಳಸುತ್ತಾರೆ; ಮುಚ್ಚಿಟ್ಟದ್ದು ಕೊಳೆತು ಗೊಬ್ಬರವಾಗುತ್ತದೆ. ರಾಯಚೂರಿನ ಎರೆ (ಕಪ್ಪು ಜೇಡಿ ಮಣ್ಣಿನ) ಸೀಮೆಯಲ್ಲಿ ಕಟ್ಟಿಸಿದ ಶೌಚಾಲಯ ಒಂದೆರಡು ಮಳೆಗಾಲದೊಳಗೆ ಉಕ್ಕಿತೆಂದರೆ ಮನೆಯವರು ಗುಂಡಿ ಸಣ್ಣದಾಯಿತು ಅಂದುಕೊಳ್ಳುತ್ತಾರೆ. ಮುಂದಿನ ಸಲ ಹತ್ತಡಿ ಆಳಕ್ಕೆ ಸಿಮೆಂಟ್ ರಿಂಗ್ ಇಳಿಸುತ್ತಾರೆ. ಆದರೆ ಅಲ್ಲಿ ತುಂಬಿರುವುದು ಮಲವಲ್ಲ, ನೀರು. ಒಬ್ಬರ ಮಲ ಗುಂಡಿಯಲ್ಲಿ ಕೊಳೆತ ಮೇಲೆ ವರ್ಷಕ್ಕೆ ಉಳಿಯುವುದು ಸುಮಾರು 45 ಲೀಟರಿನಷ್ಟು, ಐದು ಜನರ ಮನೆಗೆ 225 ಲೀಟರ್. 1 ಮೀಟರ್ ಅಗಲದ ದುಂಡು ಗುಂಡಿಗೆ ಪೈಪಿನ ಬಾಯಿಯಿಂದ ಕೆಳಗೆ 1 ಮೀಟರ್ ಆಳವಿದ್ದರೆ ಅದು 785 ಲೀಟರ್ ಹಿಡಿಯುತ್ತದೆ. ಮೂರು ವರ್ಷಕ್ಕೆ ಧಾರಾಳ.

ತೊಡಕಿರುವುದು ಮಣ್ಣು ನೀರು ಕುಡಿಯುವ ವೇಗದಲ್ಲಿ. ಉಸುಕು ಬೆರೆತ ಮಸಾರಿ (ಕೆಂಪು) ಮಣ್ಣಿನ ಒಂದು ಚದರ ಮೀಟರ್ ಗೋಡೆ ದಿನಕ್ಕೆ 30 ಲೀಟರ್ ಹೀರುತ್ತದೆಂದು ಲೆಕ್ಕ ಹಿಡಿದರೆ, ಎರೆಗೆ ಹಿಡಿಯಬೇಕಾದದ್ದು 10 ಲೀಟರ್ ಮಾತ್ರ. ತಳ ಬೇಗ ಕಟ್ಟಿಕೊಳ್ಳುವುದರಿಂದ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ. ಮೇಲೆ ಹೇಳಿದ ಗುಂಡಿಯ ಗೋಡೆ 3.14 ಚದರ ಮೀಟರ್, ಅಂದರೆ ಎರೆಯಲ್ಲಿ ದಿನಕ್ಕೆ 31 ಲೀಟರ್ ಇಂಗುತ್ತದೆ. ಐದು ಜನರ ಬಳಕೆಯಿಂದ ಒಳಗೆ ಬೀಳುವುದು ಹೆಚ್ಚುಕಡಿಮೆ 47 ಲೀಟರ್. ದಿನಾ ಉಳಿಯುವ ಆ 16 ಲೀಟರೇ ಕೊನೆಗೆ ಉಕ್ಕುವುದು.

ಇದಕ್ಕೆ ಆಳ ಹೆಚ್ಚಿಸುವುದೊಂದೇ ಮದ್ದಲ್ಲ. ಗುಂಡಿಯನ್ನು ಅಗಲವಾಗಿ ತೋಡಿ, ಇಟ್ಟಿಗೆ ಗೋಡೆಯ ಹೊರಗೆ ಸುತ್ತಲೂ 30 ಸೆಂ.ಮೀ. ಅಗಲಕ್ಕೆ ದಪ್ಪ ಕಾಳಿನ ಉಸುಕು ಇಲ್ಲವೇ ಸಣ್ಣ ಜಲ್ಲಿ ತುಂಬಬೇಕು. ಆಗ ಎರೆಗೆ ತಾಗುವ ಸುತ್ತಳತೆ 1.6 ಮೀಟರ್ ಅಗಲದ ಗುಂಡಿಯದಾಗುತ್ತದೆ, ಹೀರುವ ಗೋಡೆ 5 ಚದರ ಮೀಟರ್, ದಿನಕ್ಕೆ 50 ಲೀಟರ್. ಲೆಕ್ಕ ಸರಿಹೋಯಿತು. ಈ ಉಸುಕಿಗೆ ಇನ್ನೊಂದು ಕೆಲಸವೂ ಇದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆ ನೇರವಾಗಿ ಗೋಡೆಯನ್ನು ಒತ್ತದಂತೆ ಅದು ನಡುವೆ ನಿಲ್ಲುತ್ತದೆ. ಸ್ನಾನದ ನೀರು, ಪಾತ್ರೆ ತೊಳೆದ ನೀರನ್ನು ಮಾತ್ರ ಈ ಗುಂಡಿಗೆ ಬಿಡಲೇಬಾರದು. ಎರಡು ಕೊಡ ಹೆಚ್ಚಾದರೂ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ.

ಗೋಡೆ ಕಟ್ಟುವಾಗ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ 5 ಸೆಂ.ಮೀ. ಕಿಂಡಿ ಬಿಡಬೇಕು. ಹೊರಗೆ ಉಸುಕು ತುಂಬಿದ್ದರೆ ಕಿಂಡಿ ಒಂದೂವರೆ ಸೆಂ.ಮೀ. ದಾಟಬಾರದು, ಇಲ್ಲವಾದರೆ ಉಸುಕೆಲ್ಲ ಒಳಗೆ ಜಾರುತ್ತದೆ. ಪೈಪಿನ ಬಾಯಿಂದ ಮೇಲೆ ಕಿಂಡಿ ಬೇಡ. ತಳಕ್ಕೆ ಕಾಂಕ್ರೀಟ್ ಹಾಕಬಾರದು. ಎತ್ತರದ ಗ್ಯಾಸ್ ಪೈಪೂ ಬೇಕಿಲ್ಲ, ಗುಂಡಿಯ ಗ್ಯಾಸು ಗೋಡೆಯ ಕಿಂಡಿಗಳ ಮೂಲಕ ಮಣ್ಣಿಗೆ ಹೋಗುತ್ತದೆ. ಆ ದುಡ್ಡಿಗೆ ಉಸುಕು ತರಿಸುವುದು ಲೇಸು. ಎರಡು ಗುಂಡಿಗಳ ನಡುವೆ ಕನಿಷ್ಠ 1 ಮೀಟರ್ ಅಂತರವಿರಲಿ. ಹತ್ತಿರವಾದರೆ ಬಳಕೆಯ ಗುಂಡಿಯ ನೀರು ಸುಮ್ಮನಿಟ್ಟ ಗುಂಡಿಗೆ ಜಿನುಗಿ, ಅಲ್ಲಿನದು ಗೊಬ್ಬರವಾಗದೆ ರೊಚ್ಚೆಯಾಗಿಯೇ ಇರುತ್ತದೆ.

ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಟ್ರ್ಯಾಪಿನಲ್ಲಿ (ನಾತ ತಡೆಯಲು ಪ್ಯಾನಿನ ಕೆಳಗೆ ನೀರು ನಿಲ್ಲಿಸುವ ಬಾಗಿದ ಪೈಪು) 5 ಸೆಂ.ಮೀ. ನೀರು ನಿಲ್ಲುತ್ತದೆ, ಅದನ್ನು ತಳ್ಳಲು ಬಕೆಟ್‌ಗಟ್ಟಲೆ ನೀರು ಸುರಿಯಬೇಕು. ಜೋಡಿ ಗುಂಡಿಗೆ ಬೇಕಾದದ್ದು 2 ಸೆಂ.ಮೀ. ನೀರು ನಿಲ್ಲುವ ಟ್ರ್ಯಾಪು, ಕಡಿದಾದ ಇಳಿಜಾರಿನ ಹಳ್ಳಿ ಪ್ಯಾನು. ಒಂದೂವರೆ, ಎರಡು ಲೀಟರಿಗೆ ಸ್ವಚ್ಛವಾಗುತ್ತದೆ. ಪೈಪಿಗೆ ಮೀಟರಿಗೆ 6–7 ಸೆಂ.ಮೀ. ಇಳಿಜಾರು ಕೊಡಬೇಕು.

ಎಲ್ಲಕ್ಕಿಂತ ಹೆಚ್ಚು ಕೆಡುವ ಜಾಗ ಚೇಂಬರ್. ಪ್ಯಾನಿನಿಂದ ಬಂದ ಪೈಪು ಇಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಬಾಯಿಗೆ ಇಟ್ಟಿಗೆಯಿಟ್ಟು ಮಣ್ಣು ಮೆತ್ತಿ ಮುಚ್ಚಬೇಕು. ಗೌಂಡಿ ಎರಡನ್ನೂ ತೆರೆದಿಟ್ಟು ಹೋದರೆ ಎರಡು ಗುಂಡಿಯೂ ಒಟ್ಟಿಗೇ ತುಂಬುತ್ತವೆ. ಮೊದಲನೆಯದರಿಂದ ಎರಡನೆಯದಕ್ಕೆ ಪೈಪು ಎಳೆದರಂತೂ ಅದು ಜೋಡಿ ಗುಂಡಿಯೇ ಅಲ್ಲ, ಬರೀ ದೊಡ್ಡದೊಂದು ಗುಂಡಿ. ಹಸಿ ಮಲ ತುಂಬಿದ ಅಂಥ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯಿದೆ ನಿಷೇಧಿಸಿದೆ. ವಿಷಗಾಳಿಗೆ ಜೀವ ಹೋಗುವುದೂ ಅಲ್ಲೇ. ಗುಂಡಿ ಬದಲಿಸಿದ ದಿನ ಶೌಚಾಲಯದ ಗೋಡೆ ಮೇಲೆ ಪೇಂಟಿನಲ್ಲಿ ತಾರೀಖು ಬರೆದಿಡಿ. ಎರಡು ವರ್ಷದ ಮೇಲೆ ಯಾರ ನೆನಪನ್ನೂ ನಂಬಲಾಗದು.

ತುಂಗಭದ್ರಾ ಕಾಲುವೆಯ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳ ಪಕ್ಕದ ಮನೆಗಳಿಗೆ ಬೇರೆಯೇ ಪೀಕಲಾಟ. ಕಾಲುವೆಗೆ ನೀರು ಬಿಟ್ಟರೆ ಅಂತರ್ಜಲ ಮೇಲೇರುತ್ತದೆ. ಅಲ್ಲಿ ಗುಂಡಿಯನ್ನು ನೆಲದಿಂದ ಎತ್ತರಿಸಿ ಕಟ್ಟಿ ಸುತ್ತ ಮಣ್ಣು ಏರಿಸಬೇಕು, ಸೇದುವ ಬಾವಿ ಕೈಪಂಪುಗಳಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಕೊಪ್ಪಳದ ಕಲ್ಲುಬಂಡೆಯ ಊರುಗಳಲ್ಲಿ ಬಂಡೆ ಬಿರುಕಿನೊಳಗೆ ಕೊಳೆನೀರು ಸೋಸದೆ ಬಹುದೂರ ಹರಿದು ಬೋರ್‌ವೆಲ್ ಸೇರಬಹುದು. ಅಂಥ ಕಡೆ ನೆಲದ ಮೇಲೆ ಎರಡು ಕೋಣೆ ಕಟ್ಟಿ, ಮೂತ್ರವನ್ನು ಬೇರೆ ಪೈಪಿಗಿಳಿಸಿ, ಮಲಕ್ಕೆ ಪ್ರತಿಸಲ ಹಿಡಿ ಬೂದಿ ಹಾಕುವ ಒಣ ಶೌಚಾಲಯವೇ ಕ್ಷೇಮ. ತೊಳೆದ ನೀರೂ ಕೋಣೆಗೆ ಬೀಳದಂತೆ ಮೂರನೆಯ ದಾರಿ ಬೇಕು. ನೀರು ಬಿದ್ದರೆ ನಾತ, ಹುಳು ತಪ್ಪಿದ್ದಲ್ಲ.

ಮುಚ್ಚಿಟ್ಟ ಗುಂಡಿಗೆ ಎರಡು ವರ್ಷ ಕೈ ಹಚ್ಚಬಾರದು. ಬ್ಯಾಕ್ಟೀರಿಯಾಗಳು ಬೇಗ ಸಾಯುತ್ತವೆ, ಜಂತುಹುಳದ ಮೊಟ್ಟೆ ಮಾತ್ರ ಗಟ್ಟಿ ಜೀವ. ನಮ್ಮಂಥ ಬಿಸಿ ನಾಡಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮುಚ್ಚಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದೆ. ಎರೆಯಲ್ಲಿ ಪಸೆ ಬೇಗ ಆರದು, ಆದ್ದರಿಂದ ಎರಡು ವರ್ಷವೇ ಸರಿ. ಮಾರ್ಚ್–ಏಪ್ರಿಲ್‌ನಲ್ಲಿ ಮುಚ್ಚಳ ತೆಗೆದರೆ ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆಯ ಗೊಬ್ಬರ ಸಲಿಕೆಗೆ ಬರುತ್ತದೆ. ಇನ್ನೂ ನಾರುತ್ತಿದ್ದರೆ, ಅಂಟುತ್ತಿದ್ದರೆ ಮುಚ್ಚಿಬಿಡಿ. ತೆಗೆದದ್ದನ್ನು ಬಿಸಿಲಿಗೆ ಹರವಿ ಒಣಗಿಸಿ, ತಿಪ್ಪೆಗೊಬ್ಬರದ ಜೊತೆ ಬೆರೆಸಿ, ಹತ್ತಿ, ತೊಗರಿ ಸಾಲಿಗೋ ಮರದ ಬುಡಕ್ಕೋ ಹಾಕಿ ಮಣ್ಣು ಮುಚ್ಚಬೇಕು. ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿಗೆ ಬೇಡ. ಕೈಗವಸು ಮರೆಯಬೇಡಿ. ಒಂದು ಗುಂಡಿಯ ಗೊಬ್ಬರ ಎಕರೆಗಟ್ಟಲೆ ಹೊಲಕ್ಕೆ ಸಾಲದು, ನಾಲ್ಕಾರು ಗಿಡಕ್ಕೆ ಸಾಕು. ಅದರಲ್ಲಿ ಸಾರಜನಕವೂ ಕಡಿಮೆ, ನೀರಿನ ಜೊತೆ ಇಂಗಿಹೋಗಿರುತ್ತದೆ.

ಸಾರಜನಕ ಇರುವುದು ಮೂತ್ರದಲ್ಲಿ. ನಮ್ಮ ದೇಶದ ಊಟದ ಲೆಕ್ಕದಲ್ಲಿ ಒಬ್ಬರ ಮೂತ್ರದಿಂದ ವರ್ಷಕ್ಕೆ ಸುಮಾರು 2.3 ಕಿಲೋ ಸಾರಜನಕ, ಐವರಿಂದ 11.5 ಕಿಲೋ. ಅದು 25 ಕಿಲೋ ಯೂರಿಯಾಕ್ಕೆ ಸಮ, 45 ಕಿಲೋ ಚೀಲದ ಅರ್ಧಕ್ಕಿಂತ ಹೆಚ್ಚು. ಒಣ ಶೌಚಾಲಯದವರು ಇದನ್ನು ಬಿರಡೆ ಬಿಗಿಯಾದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿಯಬೇಕು; ತೆರೆದಿಟ್ಟರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಒಂದು ಪಾಲಿಗೆ ನಾಲ್ಕೈದು ಪಾಲು ನೀರು ಬೆರೆಸಿ, ಬುಡದಿಂದ ಗೇಣು ದೂರ ಕಾಲುವೆ ಗೀರಿ ಸುರಿದು, ತಕ್ಷಣ ಮಣ್ಣೆಳೆಯಬೇಕು. ಎಲೆಗೆ ತಾಗಬಾರದು. ಚದರ ಮೀಟರಿಗೆ ಒಂದು ಬೆಳೆಗೆ ಒಂದೂವರೆ ಲೀಟರ್ ಮೂತ್ರ ಸಾಕು, ಕೊಯ್ಲಿಗೆ ಒಂದು ತಿಂಗಳಿರುವಾಗ ನಿಲ್ಲಿಸಬೇಕು. ಮಸಾರಿ ಹೊಲದ ಬಾಳೆ, ಪಪ್ಪಾಯಿ, ನುಗ್ಗೆಗೆ ಇದು ಒಗ್ಗುತ್ತದೆ. ಕಾಲುವೆ ಕೆಳಗೆ ಸವಳು ಹತ್ತಿದ ನೆಲಕ್ಕೆ ಮಾತ್ರ ಹಾಕಲೇಬೇಡಿ. ಮೂತ್ರದಲ್ಲಿ ಉಪ್ಪಿದೆ, ಆ ನೆಲದಲ್ಲಿ ಉಪ್ಪು ಮೊದಲೇ ಹೆಚ್ಚಾಗಿದೆ.