ಲಿನಕ್ಸ್‌ನಲ್ಲಿ ಎರಡನೆಯ ಹಾರ್ಡ್ ಡಿಸ್ಕ್ ಕಾಣದಿದ್ದರೆ: ಯಾವ ಹಂತದಲ್ಲಿ ನಿಂತಿದೆ ಎಂದು ಪತ್ತೆ ಮಾಡುವ ಬಗೆ

ತುಮಕೂರಿನಲ್ಲಿ ನಮ್ಮೊಂದಿಗೆ ಲಿನಕ್ಸ್ ಕಲಿಯುತ್ತಿರುವ ಹಲವರ ಬಳಿ ಇರುವುದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಅದರಲ್ಲಿ ಉಬುಂಟು ಹಾಕಿದ ಚಿಕ್ಕ ಎಸ್‌ಎಸ್‌ಡಿ ಒಂದು, ಮನೆಯವರ ಫೋಟೊ ಮತ್ತು ದಾಖಲೆಗಳಿರುವ 1 ಟಿಬಿ ಹಾರ್ಡ್ ಡಿಸ್ಕ್ ಇನ್ನೊಂದು. ಈ ಎರಡನೆಯ ಡಿಸ್ಕ್ ಕಾಣದಿದ್ದಾಗ ಗಾಬರಿಯಿಂದ ಫಾರ್ಮ್ಯಾಟ್ ಮಾಡುವುದು ಅತ್ಯಂತ ಅಪಾಯಕಾರಿ. ಡಿಸ್ಕನ್ನು ಮೊದಲು ಬಯೋಸ್ (ಯಂತ್ರ ಆನ್ ಆದೊಡನೆ ಓಡುವ ಮದರ್‌ಬೋರ್ಡಿನ ತಂತ್ರಾಂಶ) ಗುರುತಿಸಬೇಕು, ಆಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್ ಗುರುತಿಸಬೇಕು. ಡಿಸ್ಕಿನಲ್ಲಿ ಸಾಮಾನ್ಯವಾಗಿ ಪಾರ್ಟಿಷನ್ (ಡಿಸ್ಕಿನ ಜಾಗದ ಒಂದು ಪಾಲು) ಇರಬೇಕು, ಪಾರ್ಟಿಷನ್ನಿನಲ್ಲಿ ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಇರಬೇಕು, ಆ ಫೈಲ್ ಸಿಸ್ಟಮ್ ಒಂದು ಫೋಲ್ಡರಿಗೆ ಮೌಂಟ್ ಆಗಬೇಕು, ಅಂದರೆ ಆ ಫೋಲ್ಡರಿನ ಮೂಲಕ ತೆರೆದುಕೊಳ್ಳಬೇಕು. ಈ ದಾರಿಯಲ್ಲಿ ಅದು ಎಲ್ಲಿ ನಿಂತಿದೆ ಎಂದು ತಿಳಿಯುವವರೆಗೆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು.

ಎಲ್ಲಕ್ಕಿಂತ ಮೊದಲು ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯನ್ನು ಕೊಡಿ. ಇಲ್ಲಿನ ಆಜ್ಞೆಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಸಾಟಾ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಬಗೆ) ಮೂಲಕ ಜೋಡಿಸಿದ ಮೊದಲ ಡಿಸ್ಕ್ ಸಾಮಾನ್ಯವಾಗಿ ಎಸ್‌ಡಿಎ ಎಂದೂ ಎರಡನೆಯದು ಎಸ್‌ಡಿಬಿ ಎಂದೂ ಬರುತ್ತದೆ. 1 ಟಿಬಿ ಡಿಸ್ಕಿನ ಎದುರು 931.5ಜಿ ಎಂದು ಕಂಡರೆ ಜಾಗ ಕಳೆದುಹೋಗಿದೆ ಎಂದು ತಿಳಿಯಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಹೇಳುವುದನ್ನು ಈ ಆಜ್ಞೆ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಎಸ್‌ಡಿಬಿ ಪಟ್ಟಿಯಲ್ಲಿದ್ದರೆ ಬಯೋಸ್, ಕೇಬಲ್ ಎರಡರ ಮೇಲಿನ ಅನುಮಾನವನ್ನೂ ಸದ್ಯಕ್ಕೆ ಬದಿಗಿಡಬಹುದು. ಇಲ್ಲದಿದ್ದರೆ ಮಾತ್ರ ಕ್ಯಾಬಿನೆಟ್ ಬಿಚ್ಚುವ ಕೆಲಸ.

ಪವರ್ ಪೂರ್ತಿ ತೆಗೆದು ಕ್ಯಾಬಿನೆಟ್ ಬಿಚ್ಚಿದಾಗ ಡಿಸ್ಕಿಗೆ ಎರಡು ಕನೆಕ್ಟರ್‌ಗಳು ಕಾಣುತ್ತವೆ: ಚಿಕ್ಕದು 7 ಪಿನ್ನಿನ ಡೇಟಾ ಕೇಬಲಿನದು, ಅಗಲವಾದದ್ದು ಎಸ್‌ಎಂಪಿಎಸ್‌ನಿಂದ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬರುವ 15 ಪಿನ್ನಿನ ಪವರ್ ಕೇಬಲಿನದು. ಹಳೆಯ ಡೇಟಾ ಕೇಬಲ್‌ಗಳಲ್ಲಿ ಲಾಕ್ ಇರುವುದಿಲ್ಲವಾದ್ದರಿಂದ ಯಂತ್ರವನ್ನು ಬಸ್ಸಿನಲ್ಲೋ ಬೈಕಿನಲ್ಲೋ ಸಾಗಿಸುವಾಗ ಅವು ಸ್ವಲ್ಪ ಸಡಿಲಗೊಂಡು, ನೋಡುವುದಕ್ಕೆ ಕೂತಂತೆಯೇ ಇದ್ದರೂ ಸಂಪರ್ಕ ತಪ್ಪಿರುತ್ತದೆ. ಎರಡನ್ನೂ ತೆಗೆದು ಮತ್ತೆ ಒತ್ತಿ ಕೂರಿಸಿ. ಆಗಲೂ ಬಾರದಿದ್ದರೆ ಮೊದಲ ಡಿಸ್ಕಿನ ಕೇಬಲನ್ನೇ ಇದಕ್ಕೆ ಹಾಕಿ, ಬಯೋಸ್‌ನಲ್ಲಿ ಹೆಸರು ಬರುವುದೇ ನೋಡಿ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟಿಗೆ (ಕೇಬಲಿಲ್ಲದೆ ನೇರವಾಗಿ ಕೂರಿಸುವ ಜಾಗ) ಎಸ್‌ಎಸ್‌ಡಿ ಹಾಕಿದ ಕೂಡಲೇ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿಯೇ ನಿಷ್ಕ್ರಿಯವಾಗುತ್ತವೆ. ಹೊಸ ಎಸ್‌ಎಸ್‌ಡಿ ಹಾಕಿದ ದಿನವೇ ಹಳೆಯ ಡಿಸ್ಕ್ ಮಾಯವಾಗಿದ್ದರೆ ಬೇರೆ ಪೋರ್ಟ್ ಬಳಸಿದರೆ ಸಾಕು. ಡಿಸ್ಕಿನಿಂದ ಒಂದೇ ಸಮನೆ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಪ್ರಯೋಗ ನಿಲ್ಲಿಸಿ, ಕೂಡಲೇ ಪವರ್ ತೆಗೆಯುವುದು ಒಳ್ಳೆಯದು.

ಬಯೋಸ್‌ನಲ್ಲಿ ಹೆಸರಿದ್ದು ಲಿನಕ್ಸ್‌ನಲ್ಲಿ ಇಲ್ಲದಿದ್ದರೆ ಬಯೋಸ್ ಸೆಟ್ಟಿಂಗ್‌ನಲ್ಲಿ ಸಾಟಾ ಮೋಡ್ ರೈಡ್ (ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ಮೋಡ್) ಎಂದಿದೆಯೇ ಪರೀಕ್ಷಿಸಿ. ಅದನ್ನು ಡಿಸ್ಕ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಎಎಚ್‌ಸಿಐಗೆ ಬದಲಿಸಿದಾಗ ಬಹಳಷ್ಟು ಸಲ ಡಿಸ್ಕ್ ಕಾಣುತ್ತದೆ. ಆದರೆ ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ, ಮುಂಚಿತ ಸಿದ್ಧತೆಯಿಲ್ಲದೆ ಬದಲಿಸಿದಾಗ ಅದು ಬೂಟ್ ಆಗದೆ ಹೋಗಬಹುದು. ಕರ್ನಲ್ ಏನು ಕಂಡಿತು ಎಂಬುದನ್ನು ಆಡಳಿತಗಾರನ ಅಧಿಕಾರ ಕೊಡುವ ಸುಡೋ ಸೇರಿಸಿ ಡಿಎಂಇಎಸ್‌ಜಿ ಆಜ್ಞೆ ಕೊಟ್ಟು ಓದಬೇಕು. ಅಲ್ಲಿ ‘ಸಾಟಾ ಲಿಂಕ್ ಡೌನ್’ ಎಂಬ ಸಾಲು ಕಂಡೊಡನೆ ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಖಾಲಿ ಪೋರ್ಟ್‌ಗಳಿಗೂ ಅದೇ ಸಾಲು ಬರುತ್ತದೆ. ‘ಕಾಮ್‌ರೀಸೆಟ್ ಫೇಲ್ಡ್’ (ಡಿಸ್ಕಿನೊಡನೆ ಸಂಪರ್ಕ ಸಾಧಿಸಲಾಗಲಿಲ್ಲ) ಎಂದು ಮತ್ತೆ ಮತ್ತೆ ಬರುವುದು ಮಾತ್ರ ಗಂಭೀರವಾದ ಸುಳಿವು. ಡಿಸ್ಕ್ ಆಗಾಗ ಬಂದು ಹೋಗುತ್ತಿದ್ದರೆ ಸ್ಮಾರ್ಟ್ ಮಾಹಿತಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ) 199ನೇ ಅಂಶವಾದ ಸಿಆರ್‌ಸಿ ದೋಷಗಳ, ಅಂದರೆ ಡೇಟಾ ಸಾಗುವಾಗ ಆದ ತಪ್ಪುಗಳ, ಎಣಿಕೆಯನ್ನು ಬರೆದಿಟ್ಟುಕೊಳ್ಳಿ. ಈ ಎಣಿಕೆ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಅದು ಏರುವುದು ನಿಂತರೆ ದೋಷ ಕೇಬಲಿನದೇ. ಕೆಟ್ಟ ಸೆಕ್ಟರ್‌ಗಳನ್ನು ಎಣಿಸುವ 5 ಮತ್ತು 197ನೇ ಅಂಶಗಳು ಏರುತ್ತಿದ್ದರೆ ಸವೆಯುತ್ತಿರುವುದು ಡಿಸ್ಕೇ ಆದ್ದರಿಂದ, ಮೊದಲು ಡೇಟಾ ನಕಲು ಮಾಡಿಕೊಳ್ಳಬೇಕು.

ಎಸ್‌ಡಿಬಿ ಇದೆ, ಅದರ ಕೆಳಗೆ ಎಸ್‌ಡಿಬಿ1 ಇಲ್ಲ ಎಂದಿಟ್ಟುಕೊಳ್ಳೋಣ. ಇದು ಪೋಡಿಯಾಗದ ಜಮೀನಿನಂತೆ: ನೆಲವೇನೋ ಇದೆ, ಬೆರಳಿಟ್ಟು ತೋರಿಸಲು ಹಿಸ್ಸಾ ನಂಬರು ಇಲ್ಲ. ಹೊಸ ಡಿಸ್ಕಾದರೆ ಜಿಪಿಟಿ ಬಗೆಯ ಪಾರ್ಟಿಷನ್ ಟೇಬಲ್ (ಪಾರ್ಟಿಷನ್‌ಗಳ ಪಟ್ಟಿ) ಮಾಡಿಕೊಳ್ಳಿ. ಹಳೆಯ ಎಂಬಿಆರ್ ಬಗೆಯಲ್ಲಿ, 512 ಬೈಟಿನ ಸೆಕ್ಟರ್‌ಗಳಿದ್ದರೆ, ಸುಮಾರು 2 ಟಿಬಿ ಮೀರಿದ ಜಾಗ ಬಳಕೆಗೆ ಸಿಗುವುದಿಲ್ಲ. ಡೇಟಾ ಇದ್ದ ಡಿಸ್ಕಾದರೆ ಹೊಸ ಟೇಬಲ್ ಬರೆಯಬಾರದು. ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿ ಹಳೆಯ ಪಾರ್ಟಿಷನ್ ಹುಡುಕುವುದು ಸರಿಯಾದ ಕ್ರಮ.

ಪಾರ್ಟಿಷನ್ ಇದ್ದರೆ ಎಲ್‌ಎಸ್‌ಬಿಎಲ್‌ಕೆ ಆದ ಮೇಲೆ ಒಂದು ಜಾಗ ಬಿಟ್ಟು ಮೈನಸ್ ಎಫ್ ಸೇರಿಸಿ ಫೈಲ್ ಸಿಸ್ಟಮ್ ಯಾವುದೆಂದು ತಿಳಿಯಿರಿ. ಲಿನಕ್ಸ್‌ನದೇ ಆದ ಎಕ್ಸ್‌ಟಿ4 ಎಂದಿದ್ದರೆ ಮೌಂಟ್ ಮಾಡಿದರೆ ಆಯಿತು. ಬಿಟ್‌ಲಾಕರ್ (ವಿಂಡೋಸ್‌ನ ಬೀಗ) ಎಂದಿದ್ದರೆ ಅದರ ಕೀಲಿಯಿಲ್ಲದೆ ತೆರೆಯಲಾಗದು. ನಮ್ಮವರಿಗೆ ಹೆಚ್ಚಾಗಿ ತೊಡಕಾಗುವುದು ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದಾಗ ಶಟ್ ಡೌನ್ ಮಾಡಿದರೂ ಅದು ಪೂರ್ತಿ ಮುಚ್ಚಿಕೊಂಡಿರುವುದಿಲ್ಲ; ಶಿರಾ, ಪಾವಗಡದ ಕಡೆ ಯುಪಿಎಸ್ ಇಲ್ಲದ ಮನೆಯಲ್ಲಿ ನಡುವೆ ಕರೆಂಟ್ ಹೋದಾಗಲೂ ಡಿಸ್ಕ್ ಅರೆಬರೆ ಸ್ಥಿತಿಯಲ್ಲಿ ಉಳಿಯುತ್ತದೆ. ಇಂಥ ಡಿಸ್ಕನ್ನು ಲಿನಕ್ಸ್ ಮೌಂಟ್ ಮಾಡಲು ನಿರಾಕರಿಸುತ್ತದೆ, ಇಲ್ಲವೇ ಓದಲಷ್ಟೇ ಬಿಡುತ್ತದೆ. ಬಲವಂತ ಮಾಡದೆ ವಿಂಡೋಸ್‌ಗೆ ಹೋಗಿ, ಫಾಸ್ಟ್ ಸ್ಟಾರ್ಟಪ್ ತೆಗೆದು, ಚೆಕ್‌ಡಿಸ್ಕ್ ಓಡಿಸಿ ಸರಿಯಾಗಿ ಮುಚ್ಚಿ ಬರುವುದೇ ಕ್ಷೇಮ.

ಎಲ್ಲವೂ ಸರಿಯಿದ್ದೂ ಡಿಸ್ಕ್ ಕಾಣದಿದ್ದರೆ ಅದು ಮೌಂಟ್ ಆಗಿಲ್ಲ ಎಂದೇ ಅರ್ಥ. ವಿಂಡೋಸ್‌ನ ಡಿ ಡ್ರೈವ್‌ನಂತೆ ಇಲ್ಲಿ ಪ್ರತ್ಯೇಕ ಅಕ್ಷರ ಬರುವುದಿಲ್ಲ. ಎಲ್ಲ ಡಿಸ್ಕ್‌ಗಳೂ ರೂಟ್ ಎಂಬ ಒಂದೇ ಮರದ ಯಾವುದೋ ಫೋಲ್ಡರಿಗೆ ಸೇರಿಕೊಳ್ಳುತ್ತವೆ. ಪ್ರತಿ ಸಲ ತಾನಾಗಿಯೇ ಸೇರಬೇಕಾದರೆ ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲಿನಲ್ಲಿ ಎಸ್‌ಡಿಬಿ1 ಎಂದು ಬರೆಯದೆ ಯುಯುಐಡಿಯನ್ನೇ (ಆ ಫೈಲ್ ಸಿಸ್ಟಮ್‌ಗೆ ಮಾತ್ರ ಇರುವ ಗುರುತಿನ ಸಂಖ್ಯೆ) ಬರೆಯಿರಿ, ಏಕೆಂದರೆ ಒಂದು ಪೆನ್ ಡ್ರೈವ್ ಚುಚ್ಚಿದ್ದರೂ ಮುಂದಿನ ಬೂಟ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಅದಲುಬದಲಾಗಬಹುದು. ಜೊತೆಗೆ ನೋಫೇಲ್ ಎಂಬ ಆಯ್ಕೆಯನ್ನು ಸೇರಿಸಲೇಬೇಕು. ಅದಿಲ್ಲದೆ ಡಿಸ್ಕ್ ಸಿಗದ ದಿನ ಯಂತ್ರ ಸಾಮಾನ್ಯವಾಗಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ. ಕಡತ ಉಳಿಸಿದ ಮೇಲೆ, ರೀಬೂಟ್ ಮಾಡುವ ಮೊದಲೇ, ಸುಡೋ ಮೌಂಟ್ ಮೈನಸ್ ಎ ಕೊಟ್ಟು ನೋಡಿದರೆ ಸಾಲಿನಲ್ಲಿ ತಪ್ಪಿದ್ದರೆ ಅಲ್ಲೇ ತಿಳಿಯುತ್ತದೆ. ಹೊಸ ಎಕ್ಸ್‌ಟಿ4 ಪಾರ್ಟಿಷನ್ ರೂಟ್ ಎಂಬ ಆಡಳಿತಗಾರ ಬಳಕೆದಾರನ ಒಡೆತನದಲ್ಲಿರುವುದರಿಂದ ಮೊದಲ ಫೈಲ್ ಉಳಿಸುವಾಗ ಅನುಮತಿಯಿಲ್ಲ ಎಂದು ಬರಬಹುದು. ಆಗ ಎಲ್ಲರಿಗೂ ಬಾಗಿಲು ತೆರೆಯುವ 777 ಅನುಮತಿ ಕೊಡುವ ಬದಲು, ಚೌನ್ (ಸಿಎಚ್‌ಒಡಬ್ಲ್ಯೂಎನ್) ಆಜ್ಞೆಯಿಂದ ಆ ಫೋಲ್ಡರಿನ ಒಡೆತನವನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ.