ಲ್ಯೂಬಾಯ್: ಬಣ್ಣ ಹಚ್ಚದೆ ಬಿಡಿಸುವ ಹಿಮ

ಚೀನಾದ ಹಳೆಯ ಮಸಿ ಚಿತ್ರಗಳಲ್ಲಿ ಹಿಮ ಕಂಡರೆ ಅಲ್ಲಿ ಬಿಳಿ ಬಣ್ಣ ಬಳಿದಿದ್ದಾರೆ ಅನ್ನಿಸುತ್ತದೆ, ಅಲ್ವಾ? ಎಷ್ಟೋ ಚಿತ್ರಗಳಲ್ಲಿ ಕಲಾವಿದ ಆ ಜಾಗವನ್ನು ಮುಟ್ಟಿಯೇ ಇರುವುದಿಲ್ಲ. ಆಕಾಶಕ್ಕೆ, ನೀರಿಗೆ ತೆಳು ಮಸಿ ಹಚ್ಚಿ, ಬೆಟ್ಟದ ಮೈಯನ್ನು ಹಾಗೇ ಬಿಟ್ಟಿರುತ್ತಾನೆ. ಸುತ್ತಲೂ ಕಪ್ಪೇರಿದಾಗ ಬಿಟ್ಟ ಜಾಗವೇ ಹಿಮವಾಗಿ ಕಾಣುತ್ತದೆ. ಬೇಕಂತಲೇ ಖಾಲಿ ಉಳಿಸುವ ಈ ಕ್ರಮಕ್ಕೆ ಚೀನೀ ಭಾಷೆಯಲ್ಲಿ ‘ಲ್ಯೂಬಾಯ್’ ಅನ್ನುತ್ತಾರೆ. ಬಿಳಿಯನ್ನು ಉಳಿಸುವುದು ಅಂತ ಅರ್ಥ. ಮಂಜು, ಮೋಡ, ಹೊಳೆಯನ್ನೂ ಹೀಗೇ ತೋರಿಸುತ್ತಾರೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಟೋಕಿಯೋ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಚೀನಾದ ಸಾಂಗ್ ರಾಜವಂಶದ ಕಾಲದ ಕಲಾವಿದ ಲಿಯಾಂಗ್ ಕಾಯ್ 13ನೇ ಶತಮಾನದಲ್ಲಿ ರೇಷ್ಮೆಯ ಮೇಲೆ ಬಿಡಿಸಿದ ಹಿಮದ ಬೆಟ್ಟಗಳ ಚಿತ್ರ ಅದು. ಹಿಂದೆ ಜಪಾನನ್ನು ಆಳಿದ ಸೇನಾಧಿಪತಿಗಳಾದ ಆಶಿಕಾಗಾ ಶೋಗನ್‌ಗಳ ಸಂಗ್ರಹದಲ್ಲಿತ್ತು, ಈಗ ಆ ದೇಶದ ರಾಷ್ಟ್ರೀಯ ನಿಧಿ. ಎಲೆ ಉದುರಿದ ಮರಗಳು, ಹಿಮ ಹೊದ್ದ ದೊಡ್ಡ ಬೆಟ್ಟ, ಅದರ ಬುಡದಲ್ಲಿ ಸವಾರಿ ಹೊರಟ ಇಬ್ಬರು. ಸುಮ್ನೆ ನೋಡಿದರೆ ಆ ಇಬ್ಬರು ಕಣ್ಣಿಗೇ ಬೀಳುವುದಿಲ್ಲ, ಅಷ್ಟು ಚಿಕ್ಕವರು. ಚಳಿಗೆ ಅವರು ಎಷ್ಟು ನಡುಗುತ್ತಿದ್ದಾರೆ ಅಂತ ಮುಖ ನೋಡಿ ತಿಳಿಯಲು ಸಾಧ್ಯವಿಲ್ಲ. ಅವರನ್ನು ಸುತ್ತಿಕೊಂಡಿರುವ ಖಾಲಿ ಜಾಗ ನೋಡಿದರೇ ನಮಗೂ ಚಳಿಯಾಗುತ್ತದೆ.

ಇನ್ನೊಂದು ಸಂಗತಿ ನೋಡಿ. ಇಷ್ಟು ವರ್ಷಗಳಲ್ಲಿ ಆ ರೇಷ್ಮೆ ಕಂದು ಬಣ್ಣಕ್ಕೆ ತಿರುಗಿದೆ. ಅಂದರೆ ಹಿಮವೂ ಈಗ ಕಂದೇ! ಆದರೂ ಅದು ಹಿಮ ಅನ್ನುವುದರಲ್ಲಿ ಕಣ್ಣಿಗೆ ಅನುಮಾನವೇ ಬರುವುದಿಲ್ಲ, ಯಾಕೆಂದರೆ ಆಕಾಶ ಅದಕ್ಕಿಂತ ಜಾಸ್ತಿ ಕಪ್ಪಾಗಿದೆ.

ಇದು ಸುಲಭದ ಕೆಲಸವೇನಲ್ಲ. ರೇಷ್ಮೆಗೆ ಹತ್ತಿದ ಮಸಿಯನ್ನು ಅಳಿಸಲು ಆಗುವುದಿಲ್ಲ. ಎಲ್ಲೆಲ್ಲಿ ಹಿಮ ಬೇಕು ಅನ್ನುವುದು ಕುಂಚ ಅದ್ದುವ ಮೊದಲೇ ತಲೆಯಲ್ಲಿರಬೇಕು. ಚಿಪ್ಪು ಅರೆದು ಮಾಡಿದ ಬಿಳಿ ಬಣ್ಣವೂ ಚೀನಾದಲ್ಲಿತ್ತು. ಕೊಂಬೆಗಳ ಮೇಲೆ ಅದನ್ನು ಇಟ್ಟು, ಬೀಳುವ ಹಿಮಕ್ಕೆ ಚಿಮುಕಿಸಿ ಬಿಡಿಸಿದ ಚಿತ್ರಗಳೂ ಇವೆ. ಅವೂ ಚೆನ್ನಾಗಿರುತ್ತವೆ, ಆದರೆ ನನಗೆ ಲ್ಯೂಬಾಯ್‌ನ ಹಿಮವೇ ಹೆಚ್ಚು ತಣ್ಣಗೆ ಅನ್ನಿಸುತ್ತದೆ.

ಇಂಥ ಚಿತ್ರ ಸಿಕ್ಕಿದರೆ ಮೊದಲು ಬೆಟ್ಟದ ಅಂಚು ನೋಡಿ. ಅಲ್ಲಿ ಗೆರೆ ಎಳೆದಿದ್ದಾರಾ, ಇಲ್ಲ ಆಕಾಶದ ಮಸಿ ಬಂದು ನಿಂತದ್ದೇ ಅಂಚಾಗಿದೆಯಾ ಅಂತ ಹುಡುಕಿ. ಜನರನ್ನು ಆಮೇಲೆ ಹುಡುಕಿದರಾಯಿತು.