ಬಸಪ್ಪನಿಂದ ಬಸವಪ್ಪನಿಗೆ ಎಷ್ಟು ದೂರ?

ಪಹಣಿಯಲ್ಲಿ ನಮ್ಮಪ್ಪ ಬಸಪ್ಪ. ಆಧಾರ್‌ನಲ್ಲಿ ಬಸವಪ್ಪ. ಬೆಳೆ ಪರಿಹಾರದ ದುಡ್ಡು ನಿಂತುಹೋಯಿತು. ‘ಹೆಸರು ಬೇರೆ ಬೇರೆ ಅದಾವ್ರೀ, ಕಂಪ್ಯೂಟರ್ ತಗೊಳ್ಳಂಗಿಲ್ಲ’ ಅಂದರು ಕೌಂಟರಿನಲ್ಲಿದ್ದವರು. ಎಲ್ಲರೂ ಹಾಗೇ ನಂಬಿದ್ದಾರೆ: ಯಂತ್ರಕ್ಕೆ ಒಂದೋ ಪೂರ್ತಿ ಸರಿ, ಇಲ್ಲವೇ ಪೂರ್ತಿ ತಪ್ಪು. ಇದು ಸುಳ್ಳು. ಎಷ್ಟು ಬೇರೆ ಅಂತ ಅಳೆಯುವ ಲೆಕ್ಕವನ್ನು ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲೇ ಕೊಟ್ಟಿದ್ದಾರೆ.

ಒಂದಕ್ಷರ ಸೇರಿಸಬಹುದು, ಅಳಿಸಬಹುದು, ಬದಲಿಸಬಹುದು. ಪ್ರತಿ ತಿದ್ದುಪಡಿಗೂ ಒಂದು ರೂಪಾಯಿ ಅಂದುಕೊಳ್ಳಿ. ಅತಿ ಕಡಿಮೆ ಖರ್ಚು ಎಷ್ಟು?

ಚೌಕಾಬಾರಕ್ಕೆ ಗೀಚುವ ಹಾಗೆ ಮನೆಗಳನ್ನು ಗೀಚಿ. ಎಡಕ್ಕೆ ಬ, ಸ, ಪ್ಪ. ಮೇಲೆ ಬ, ಸ, ವ, ಪ್ಪ. ಖಾಲಿ ಸಾಲೂ ಸೇರಿ 20 ಮನೆ. ಎಡಗಡೆ ಅಲ್ಲಿವರೆಗೆ ಬಂದ ಅಕ್ಷರಗಳನ್ನು ಮೇಲ್ಗಡೆ ಅಲ್ಲಿವರೆಗೆ ಬಂದ ಅಕ್ಷರಗಳಾಗಿ ತಿದ್ದಲು ಬೇಕಾದ ಅತಿ ಕಡಿಮೆ ಖರ್ಚು ಪ್ರತಿ ಮನೆಯಲ್ಲಿ ಬರುತ್ತದೆ. ಕಡೆಯ ಮನೆ ನೋಡಿ: ಎರಡೂ ಕಡೆ ಪ್ಪ ಇದೆ, ಅದಕ್ಕೆ ಖರ್ಚಿಲ್ಲ. ಉಳಿದದ್ದು ಬಸ, ಬಸವ. ಇಲ್ಲಿ ಮೂರು ದಾರಿ. ಸ ಇದ್ದದ್ದನ್ನು ವ ಮಾಡಿದರೆ ಒಟ್ಟು 2. ಸ ಅಳಿಸಿದರೆ 3. ಬಸ ಹಾಗೇ ಬಿಟ್ಟು ವ ಸೇರಿಸಿದರೆ ಬರೀ 1! ಒಂದೇ ರೂಪಾಯಿಯ ದೂರಕ್ಕೆ ಅಪ್ಪ ನಾಲ್ಕು ಸಲ ಅಲೆದರು.

ಪ್ರತಿ ಮನೆಯೂ ಪಕ್ಕದ ಮೂರು ಮನೆಗಳನ್ನು ಕೇಳಿ, ಉತ್ತರ ಬರೆದಿಟ್ಟುಕೊಳ್ಳುತ್ತದೆ. ಗುಟ್ಟು ಇರೋದು ಆ ಬರೆದಿಡೋದರಲ್ಲಿ. ಕೊಪ್ಪಳದಿಂದ ಸಿಂಧನೂರಿಗೆ ಅಗ್ಗದ ದಾರಿ ಗೊತ್ತಿದ್ದರೆ, ಮುಂದೆ ರಾಯಚೂರಿಗೆ ಹೊರಟಾಗ ಅದನ್ನು ಮತ್ತೆ ಯಾಕೆ ಹುಡುಕಬೇಕು, ಅಲ್ವಾ? ಹತ್ತತ್ತು ಅಕ್ಷರದ ಎರಡು ಹೆಸರಿಗೆ ದಾರಿಗಳು 80,97,453. ತುಂಬಬೇಕಾದ ಮನೆ 121 ಮಾತ್ರ. 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಈ ಬಗೆಯ ಲೆಕ್ಕಕ್ಕೆ ಡೈನಾಮಿಕ್ ಪ್ರೋಗ್ರಾಮಿಂಗ್ ಅಂತ ಹೆಸರಿಟ್ಟರು. ಅಲ್ಲಿ ಪ್ರೋಗ್ರಾಮಿಂಗ್ ಅಂದರೆ ಕೋಡ್ ಬರೆಯೋದಲ್ಲ, ಯೋಜನೆ ಹಾಕೋದು.

1970ರಲ್ಲಿ ನೀಡಲ್‌ಮನ್ ಮತ್ತು ವುನ್ಶ್ ಎಂಬ ವಿಜ್ಞಾನಿಗಳು ಇದೇ ಥರದ ಮನೆಗಳ ಪಟ್ಟಿಯಲ್ಲಿ ಪ್ರೋಟೀನುಗಳನ್ನು ಹೋಲಿಸಿದರು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಕಡೆ ಖಾಲಿ ಜಾಗ ಬಿಡುತ್ತಾರೆ. ನನಗೆ ಈ ಖಾಲಿ ಜಾಗದ ಮೇಲೇ ಪ್ರೀತಿ ಜಾಸ್ತಿ. ಕೊಪ್ಪಳದ ಗವಿಮಠದ ಬಂಡೆಯಲ್ಲೂ ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇರೋದು ಒಂದೇ ಶಾಸನದ ಎರಡು ಪ್ರತಿ. ಅಕ್ಷರದ ಬದಲು ಪದಗಳನ್ನಿಟ್ಟು ಪಟ್ಟಿ ಮಾಡಿ. ಗವಿಮಠದಲ್ಲಿ ಬರೀ ‘ದೇವರಿಗೆ ಪ್ರಿಯನಾದವನು’ ಅಂತಿದೆ, ಹೆಸರಿಲ್ಲ. ಆ ಖಾಲಿ ಜಾಗದ ಎದುರಿಗೆ, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಮಸ್ಕಿಯ ಕಲ್ಲಿನಲ್ಲಿ, ಒಂದು ಪದ ಜಾಸ್ತಿ ಇದೆ: ಅಸೋಕಸ.